ಕಪಾಟಿನಲ್ಲಿರುವ ಹಳೆಯ ಬಿಲ್ಲು

ಹೋದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕವಳ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದೆ. ಪಕ್ಕದ ಮನೆಯ ಕೂಸು ಗೇಟು ದೂಡಿಕೊಂಡು ಬಂತು. ಏಳನೇ ಕ್ಲಾಸು. ದಿನಾ ಬಂದವಳೇ ನೇರ ಅಡಿಗೆಮನೆಗೆ ಹೋಗಿ ನಮ್ಮ ಮನೆಯವಳ ಹತ್ತಿರ ಚಕ್ಕುಲಿ ಡಬ್ಬ ಎಲ್ಲಿದೆ ಎಂದು ವಿಚಾರಿಸುವವಳು ಅವತ್ತು ನನ್ನೆದುರು ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

“ಅಜ್ಜಾ, ನಾನು ಸೋತಿದ್ದಲ್ಲ. ನೆಟ್ ಸೋತಿದ್ದು.”

ವಿಷಯ ಹೊರಬರಲು ಎರಡು ಚಕ್ಕುಲಿ ಬೇಕಾಯಿತು. ಅವಳು ಆನ್‌ಲೈನ್ ಚೆಸ್ ಪಂದ್ಯಾವಳಿಯೊಂದರಲ್ಲಿ ಆಡುತ್ತಿದ್ದಳಂತೆ. ಒಬ್ಬೊಬ್ಬರಿಗೆ ಹತ್ತು ನಿಮಿಷದ ಗಡಿಯಾರ. ನಾಲ್ಕನೇ ಸುತ್ತಿನಲ್ಲಿ ಅವಳ ಬಳಿ ಒಂದು ಆನೆ ಹೆಚ್ಚಿತ್ತು, ಗಡಿಯಾರದಲ್ಲಿ ಇನ್ನೂ ಮೂರು ನಿಮಿಷ ಇತ್ತು. ಅಷ್ಟರಲ್ಲಿ ಪರದೆಯ ನಡುವೆ ಆ ದುಂಡನೆಯ ಚಕ್ರ ತಿರುಗತೊಡಗಿತು. ಅದು ನಿಂತಾಗ ಆಟವೂ ಮುಗಿದಿತ್ತು. ಎದುರಿನ ಹುಡುಗ ಯಾವ ಊರಿನವನೋ, ಪಾಪ, ಅವನ ತಪ್ಪೇನೂ ಇಲ್ಲ. ಅವನಿಗೆ ಕಂಡದ್ದು ಇಷ್ಟೇ: ಈಕೆ ನಡೆ ಇಡಲಿಲ್ಲ, ಸಮಯ ಮುಗಿಯಿತು.

ಆಮೇಲೆ ತಿಳಿದದ್ದೆಂದರೆ, ಅವಳ ಅಣ್ಣ ಬೆಳಿಗ್ಗೆಯೇ ಕ್ರಿಕೆಟ್ ನೋಡಿ ಆ ದಿನದ ಒಂದೂವರೆ ಜಿಬಿ ಖಾಲಿ ಮಾಡಿಟ್ಟಿದ್ದ. ಕೋಟಾ ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲುವುದಿಲ್ಲ, ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಚೆಸ್ಸಿನ ಒಂದು ನಡೆ ಕಳಿಸಲು ಅಷ್ಟು ಧಾರಾಳವಾಗಿ ಸಾಕು. ಆದರೆ ವಾಟ್ಸ್ಯಾಪಿನ ಗುಡ್ ಮಾರ್ನಿಂಗ್ ಚಿತ್ರಗಳು, ಯಾವುದೋ ಆ್ಯಪ್‌ನ ಅಪ್‌ಡೇಟು, ಎಲ್ಲವೂ ಅದೇ ಕಿಂಡಿಯಲ್ಲಿ ನುಗ್ಗುತ್ತಿದ್ದರೆ ಬಡಪಾಯಿ ಆನೆಗೆ ದಾರಿ ಎಲ್ಲಿ?

ಅವಳಿಗೆ ಸಮಾಧಾನವಾಗಲಿ ಎಂದು ನಾನೊಂದು ನಿಜ ಸಂಗತಿ ಹೇಳಿದೆ. 2020ರಲ್ಲಿ, ಕೊರೋನಾ ಕಾಲದಲ್ಲಿ, ಚೆಸ್ ಒಲಿಂಪಿಯಾಡ್ ಆನ್‌ಲೈನ್‌ನಲ್ಲಿ ನಡೆಯಿತು. ಆಗಸ್ಟ್ 30ರಂದು ಫೈನಲ್, ಭಾರತಕ್ಕೂ ರಷ್ಯಾಕ್ಕೂ. ಮೊದಲ ಪಂದ್ಯ ಸಮ. ಎರಡನೆಯದರಲ್ಲಿ ನಮ್ಮ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಇಬ್ಬರಿಗೂ ಸಂಪರ್ಕ ತಪ್ಪಿ, ಗಡಿಯಾರ ಓಡಿ, ಸೋಲಾಯಿತು. ಭಾರತ ತಕರಾರು ಸಲ್ಲಿಸಿತು. ಅವತ್ತು ಜಗತ್ತಿನ ಹಲವೆಡೆ ಅಂತರ್ಜಾಲಕ್ಕೇ ತೊಂದರೆಯಾಗಿತ್ತು ಎಂದು ಗೊತ್ತಾದ ಮೇಲೆ ವಿಶ್ವ ಚೆಸ್ ಸಂಸ್ಥೆಯವರು ಎರಡೂ ದೇಶಗಳಿಗೆ ಚಿನ್ನ ಎಂದು ಘೋಷಿಸಿದರು. ಅದಕ್ಕೆ ಮುಂಚೆ ಕ್ವಾರ್ಟರ್ ಫೈನಲ್‌ನಲ್ಲಿ ಇದೇ ಕಥೆ ತಿರುವುಮುರುವಾಗಿತ್ತು. ಅರ್ಮೇನಿಯಾದ ಆಟಗಾರನ ಸಂಪರ್ಕ ಕಡಿದು, ಅವರ ತಕರಾರು ತಿರಸ್ಕೃತವಾಗಿ, ಆ ತಂಡ ಮುಂದಿನ ಪಂದ್ಯ ಆಡಲೇ ಇಲ್ಲ. ಅಂದು ಸಮಯ ಮೀರಿ ಸೋತ ದಿವ್ಯಾ 2025ರಲ್ಲಿ ಮಹಿಳೆಯರ ವಿಶ್ವಕಪ್ಪನ್ನೇ ಗೆದ್ದಳು.

ಕೂಸು ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ನಂಗೂ ಅರ್ಧ ಕಪ್ ಕೊಡ್ತಾರಾ?” ಅಂತು.

ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಅದಕ್ಕೆ ಕಾರಣ ಅವಳ ಪ್ರಶ್ನೆ ಅಷ್ಟೇ ಅಲ್ಲ. ನಮ್ಮ ಕಪಾಟಿನ ಕೆಳಗಿನ ಖಾನೆಯಲ್ಲಿ, ಮನೆ ಕಂದಾಯದ ರಸೀದಿಗಳ ಕಟ್ಟಿನಲ್ಲಿ, ಒಂದು ಹಳೆಯ ಟೆಲಿಫೋನ್ ಬಿಲ್ಲು ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಕಾಗದ ಹರಿದೆಸೆಯುವ ಅಭ್ಯಾಸ ಇರುವುದಿಲ್ಲ. ಮರುದಿನ ಅದನ್ನು ಹುಡುಕಿ ತೆಗೆದೆ. 2006ನೇ ಇಸವಿಯದು. 4,316 ರೂಪಾಯಿ.

ಆಗ ನನ್ನ ಮಗ ಪಿಯುಸಿ. ಬ್ರಾಡ್‌ಬ್ಯಾಂಡ್ ಎಂಬುದು ನಮ್ಮ ಕಡೆಗೆ ಹೊಸದಾಗಿ ಬಂದಿತ್ತು. ಅದಕ್ಕೂ ಮೊದಲಿನ ಇಂಟರ್‌ನೆಟ್ ಎಂದರೆ ಫೋನು ಕಿರಿಗುಟ್ಟಿಸಿ ಜೋಡಿಸಿಕೊಳ್ಳುವಂಥದ್ದು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಅದನ್ನು ಸಾರ್ವಜನಿಕರಿಗೆ ತೆರೆದಾಗ ಅದು ಗಂಟೆಯ ಲೆಕ್ಕದ ಮಾಲು. ನೆಟ್ ಹಾಕಿದರೆ ಮನೆಗೆ ಫೋನು ಬರುವಂತಿರಲಿಲ್ಲ. ಬ್ರಾಡ್‌ಬ್ಯಾಂಡ್ ಬಂದಾಗ ಫೋನಿನ ಕಿರಿಕಿರಿ ಹೋಯಿತು, ಲೆಕ್ಕ ಮಾತ್ರ ಹೋಗಲಿಲ್ಲ. ಗಂಟೆಯ ಬದಲು ಎಂಬಿ ಲೆಕ್ಕ. ನಾವು ತೆಗೆದುಕೊಂಡ ಯೋಜನೆಯಲ್ಲಿ ತಿಂಗಳಿಗೆ 1 ಜಿಬಿ. ಅದು ದಾಟಿದರೆ ಪ್ರತಿ ಎಂಬಿಗೂ ಬೇರೆ ದುಡ್ಡು. ಆದರೆ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ.

ಆ ಒಂದು ವಾಕ್ಯ ಎಷ್ಟು ಹುಡುಗರ ನಿದ್ದೆ ಕೆಡಿಸಿತೋ ದೇವರೇ ಬಲ್ಲ. ಈಗ ಮೂವತ್ತೈದು ದಾಟಿದವರನ್ನು ಕೇಳಿ ನೋಡಿ, ಮುಖದಲ್ಲಿ ನಗು ಬರುತ್ತದೆ. ನಮ್ಮ ಮನೆಯಲ್ಲೂ ಎರಡು ಗಂಟೆಗೆ ಅಲಾರಂ. ದಿಂಬಿನ ಅಡಿಯಲ್ಲಿ ಇಟ್ಟುಕೊಂಡರೂ ನನಗೆ ಕೇಳುತ್ತಿತ್ತು. ಹುಡುಗ ಎದ್ದು ಡೌನ್‌ಲೋಡ್‌ಗೆ ಹಾಕಿ ಮಲಗುತ್ತಿದ್ದ. ಏಳೂವರೆಗೆ ಎದ್ದು ನಿಲ್ಲಿಸುತ್ತಿದ್ದ.

ಲೆಕ್ಕ ಹಾಕಿ ನೋಡಿ. ವೇಗ 256 ಕೆಬಿಪಿಎಸ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 32 ಕಿಲೋಬೈಟು. ಆರು ಗಂಟೆಗೆ ಏಳುನೂರು ಎಂಬಿಯ ಹತ್ತಿರ. ನಾಲ್ಕು ಜಿಬಿಯ ವಸ್ತು ಬೇಕೆಂದರೆ ಆರು ರಾತ್ರಿ, ಅದೂ ನಡುವೆ ಕರೆಂಟು ಹೋಗದಿದ್ದರೆ. ಮಲೆನಾಡಿನ ಮಳೆಗಾಲದಲ್ಲಿ ಆರು ರಾತ್ರಿ ಕರೆಂಟು ಹೋಗದೇ ಇದ್ದದ್ದನ್ನು ನಾನಂತೂ ಕಂಡಿಲ್ಲ.

ಒಂದು ವಾರ ಹುಡುಗನಿಗೆ ತಡೆಯಲಾಗಲಿಲ್ಲ. ಮಾನಿಟರ್ ಮಾತ್ರ ಆರಿಸಿ, ಮೇಜಿನಡಿಯ ಸಿಪಿಯು ಚಾಲೂ ಇಟ್ಟು ಕಾಲೇಜಿಗೆ ಹೋದ. ಪರದೆ ಕಪ್ಪಾಗಿದೆ, ಅಂದರೆ ಕಂಪ್ಯೂಟರ್ ಬಂದ್ ಎಂದು ಅವನ ಅಮ್ಮ ತಿಳಿದಳು. ಎರಡು ದಿನ, ಎರಡು ರಾತ್ರಿ ಅದು ಸದ್ದಿಲ್ಲದೆ ಎಳೆದುಕೊಳ್ಳುತ್ತಲೇ ಇತ್ತು. ತಿಂಗಳ ಕೊನೆಗೆ ಬಂತು ಈ ಬಿಲ್ಲು.

ನಾನು ಹೊಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದೆ. ಬಿಲ್ಲನ್ನು ಊಟದ ತಟ್ಟೆಯ ಪಕ್ಕ ಇಟ್ಟು, “ಆಟ ಆಡಿ ಉದ್ಧಾರ ಆದವರನ್ನು ನಾನು ನೋಡಿಲ್ಲ” ಎಂದೆ. ಮರುದಿನ ಸಂಪರ್ಕ ತೆಗೆಸಿದೆ. ಹುಡುಗ ಒಂದು ಮಾತೂ ಆಡಲಿಲ್ಲ. ಅಲಾರಂ ಮಾತ್ರ ಅದಾದ ಮೇಲೆ ಹೊಡೆಯಲಿಲ್ಲ.

ಆಗಿನ ಕಾಲದ ಕಾನೂನಿನಲ್ಲೇ ಈ ನಿಧಾನಕ್ಕೆ ಜಾಗ ಇತ್ತು. 2004ರ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದಿತು. 2010ರ ಹೊತ್ತಿಗೆ ಎರಡು ಕೋಟಿ ಮನೆ-ಕಚೇರಿಗಳಿಗೆ ಅದನ್ನು ತಲುಪಿಸುವ ಗುರಿ, ತಲುಪಿದ್ದು ಅರ್ಧದಷ್ಟು. 2013ರಲ್ಲಿ ಕನಿಷ್ಠ ವೇಗ 512 ಆಯಿತು. ಎರಡು ಎಂಬಿಪಿಎಸ್ ಆದದ್ದು 2023ರಲ್ಲಿ. ಒಂದು ಪದದ ಅರ್ಥ ಬದಲಾಗಲು ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ನನ್ನ ಮಗನ ತಲೆ ನರೆಯತೊಡಗಿತ್ತು.

ಇಷ್ಟು ಹೇಳಿದಾಗ ಕೆಲವರು ಕೇಳುತ್ತಾರೆ: ಈಗೇನು ಕಷ್ಟ ಸ್ವಾಮಿ, 2016ರ ನಂತರ ಡೇಟಾ ಅಗ್ಗ ಆಯಿತಲ್ಲ? ನಿಜ. ಅದಕ್ಕೆ ಮುಂಚೆ ಒಂದು ಜಿಬಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಕೊಟ್ಟ ನೆನಪು ಎಲ್ಲರಿಗೂ ಇದೆ. ಈಗ ಹಾಲಿಗಿಂತ ಅಗ್ಗ. ಆದರೆ ಆ ಅಗ್ಗದ ಡೇಟಾ ಮೊಬೈಲಿನದು. ಟ್ರಾಯ್ ಲೆಕ್ಕದಂತೆ 2024ರ ಕೊನೆಗೆ ದೇಶದಲ್ಲಿ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಚಂದಾದಾರರು. ಅವರಲ್ಲಿ ತಂತಿಯ ಮೂಲಕ ಮನೆಗೆ ಸಂಪರ್ಕ ಇದ್ದವರು ನಾಲ್ಕು ಕೋಟಿ ಚಿಲ್ಲರೆ. ಉಳಿದವರೆಲ್ಲ ಗಾಳಿಯಲ್ಲಿ ಬರುವುದನ್ನು ಹಂಚಿಕೊಳ್ಳುವವರು. ಸಂಜೆ ಏಳಕ್ಕೆ ಊರವರೆಲ್ಲ ಒಟ್ಟಿಗೆ ಫೋನು ಹಿಡಿದರೆ ಟವರು ಏದುಸಿರು ಬಿಡುತ್ತದೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿದರೆ ಅದೂ ಇಲ್ಲ.

ಮಕ್ಕಳಿಗೆ ಇಲ್ಲೊಂದು ವಿಷಯ ಹೇಳಬೇಕು, ದೊಡ್ಡವರಿಗೂ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನೆಟ್ಟಿನ ವೇಗ ಬೇರೆ, ವಿಳಂಬ ಬೇರೆ. ವೇಗ ಎಂದರೆ ಒಂದು ಸಲಕ್ಕೆ ಎಷ್ಟು ಮೂಟೆ ಸಾಗಿಸಬಹುದು ಎಂಬುದು. ವಿಳಂಬ ಎಂದರೆ ಹೋಗಿ ಬರಲು ಹಿಡಿಯುವ ಹೊತ್ತು. ಅಡಿಕೆ ಲಾರಿ ನೂರಾರು ಮೂಟೆ ಹೊರುತ್ತದೆ, ಆದರೆ ಪಕ್ಕದ ಬೀದಿಗೆ ಒಂದು ಚೀಟಿ ಮುಟ್ಟಿಸಬೇಕಾದರೆ ಸೈಕಲ್ಲೇ ಬೇಕು. ಆಟಕ್ಕೆ ಬೇಕಾದದ್ದು ಸೈಕಲ್.

ನಾನು ಕೆಲಸ ಮಾಡಿದ ಒಂದು ಹಳ್ಳಿ ಶಾಖೆಯ ತಾರಸಿ ಮೇಲೆ ಬೋರಲು ಕೊಡೆಯಂಥ ಒಂದು ಡಿಶ್ ಇತ್ತು, ವಿ-ಸ್ಯಾಟ್ ಎನ್ನುತ್ತಿದ್ದರು. ನಾನು ಕೌಂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಆ ಸಂದೇಶ 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ಕೆಳಗೆ ಮುಖ್ಯ ಕಂಪ್ಯೂಟರಿಗೆ ಇಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಹತ್ತಿ ಇಳಿದು ಬರಬೇಕು. ಒಟ್ಟು 1,44,000 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್. ಹಾಗಾಗಿ ಏನೇ ತಿಪ್ಪರಲಾಗ ಹಾಕಿದರೂ ಅರ್ಧ ಸೆಕೆಂಡು ಹೋಯಿತು. ಪಾಸ್‌ಬುಕ್ ಎಂಟ್ರಿಗೆ ಅರ್ಧ ಸೆಕೆಂಡು ಏನೇನೂ ಅಲ್ಲ. ಆ ಹೊತ್ತಿನಲ್ಲಿ ಗಿರಾಕಿಯ ಅಡಿಕೆ ರೇಟು ವಿಚಾರಿಸಬಹುದಿತ್ತು. ಆದರೆ ಆಟದಲ್ಲಿ ಎದುರಾಳಿಯ ಗುಂಡು ಅರ್ಧ ಸೆಕೆಂಡು ತಡವಾಗಿ ಕಂಡರೆ? ನೀವು ಬಚ್ಚಿಟ್ಟುಕೊಳ್ಳುವ ಮೊದಲೇ ಸತ್ತಿರುತ್ತೀರಿ. ಇದನ್ನೇ ಹುಡುಗರು ‘ಪಿಂಗ್ ಜಾಸ್ತಿ’ ಎನ್ನುವುದು. ಫೈಬರಿನಲ್ಲಿ ಅದು ಇಪ್ಪತ್ತು ಮೂವತ್ತು ಮಿಲಿಸೆಕೆಂಡಿಗೆ ಇಳಿಯುತ್ತದೆ. ಮೊಬೈಲಿನಲ್ಲಿ ಒಂದು ಕ್ಷಣ ಐವತ್ತು, ಮರುಕ್ಷಣ ನಾನೂರು.

ಮತ್ತೊಂದು ವಿಚಿತ್ರ. ಆಟ ಆಡಲು ಡೇಟಾ ಹೆಚ್ಚು ಬೇಡ, ಗಂಟೆಗೆ ನೂರು ಎಂಬಿ ಆದರೆ ಹೆಚ್ಚು. ಆದರೆ ಆಟದ ಹೊಸ ಆವೃತ್ತಿ ಇಳಿಸಿಕೊಳ್ಳಲು ಹಲವು ಜಿಬಿ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಮನೆಯಲ್ಲಿ ಹುಡುಗ ಅದಕ್ಕೆ ಎಷ್ಟು ದಿನ ಕಾಯಬೇಕು? ಅಷ್ಟರಲ್ಲಿ ಅವನ ಜೊತೆಗಾರರು ಮುಂದೆ ಹೋಗಿರುತ್ತಾರೆ. ನಮ್ಮ ದೇಶದಲ್ಲಿ ಹುಟ್ಟಿದ ಆಟಗಳಲ್ಲಿ ಮೊದಲು ಹತ್ತು ಕೋಟಿ ಡೌನ್‌ಲೋಡ್ ದಾಟಿದ್ದು ಲೂಡೋ ಕಿಂಗ್. ಅದು ಸಣ್ಣ ಫೋನಿನಲ್ಲೂ ಓಡುತ್ತದೆ, ನೆಟ್ ಇಲ್ಲದಿದ್ದರೂ ಆಡಬಹುದು. ಅದನ್ನು ಮಾಡಿದವರು ಜಾಣರು, ನಮ್ಮ ನೆಟ್ಟಿನ ನಾಡಿ ಬಲ್ಲವರು. ಆದರೆ ಪ್ರತಿಯೊಬ್ಬನೂ ಪಗಡೆಯನ್ನೇ ಮಾಡುತ್ತ ಕೂರಲು ಆಗುತ್ತದೆಯೇ?

ಆಟದ ಮಾತು ಬಿಡಿ, ವ್ಯಾಪಾರಕ್ಕೆ ಬರೋಣ. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಯುವಕ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಒಳ್ಳೆಯ ಕೈ. ಬೆಂಗಳೂರಿನ ಸ್ಟುಡಿಯೋದವರು ಕೆಲಸ ಕೊಡುತ್ತಾರೆ. ಒಂದು ಮದುವೆ ಎಂದರೆ 60 ಜಿಬಿ ಸುಲಭವಾಗಿ ಆಗುತ್ತದಂತೆ. ಅದು ಅವನಿಗೆ ಬರುವುದು ಹೇಗೆ? ರಾತ್ರಿ ಬಸ್ಸಿನಲ್ಲಿ, ಹಾರ್ಡ್ ಡಿಸ್ಕಿನೊಳಗೆ, ಹಳೆ ಟವೆಲ್ಲಿನಲ್ಲಿ ಸುತ್ತಿ. ಮುಗಿದ ಮೇಲೆ ಹೋಗುವುದೂ ಹಾಗೆಯೇ. ಅವನ ಸಂಪರ್ಕದಲ್ಲಿ ಕಳಿಸುವ ವೇಗ ಎರಡು ಎಂಬಿಪಿಎಸ್. ಇಳಿಸಿಕೊಳ್ಳುವ ವೇಗವನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುತ್ತಾರೆ, ಕಳಿಸುವ ವೇಗದ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ನೋಡುವವನಿಗೆ ಇಳಿಕೆ ಸಾಕು. ದುಡಿಯುವವನಿಗೆ ಏರಿಕೆ ಬೇಕು.

ಕಾಗದ ಪೆನ್ಸಿಲು ತರಿಸಿ ಲೆಕ್ಕ ಮಾಡಿದೆ. 60 ಜಿಬಿಯನ್ನು ಎರಡು ಎಂಬಿಪಿಎಸ್‌ನಲ್ಲಿ ಕಳಿಸಲು 66 ಗಂಟೆ 40 ನಿಮಿಷ. ಅಂದರೆ ಮೂರು ದಿನಕ್ಕೆ ಸ್ವಲ್ಪ ಕಡಿಮೆ. ರಾತ್ರಿ ಬಸ್ಸು ಒಂಬತ್ತು ಗಂಟೆಯಲ್ಲಿ ಬೆಂಗಳೂರು ಸೇರಿಸುತ್ತದೆ. ಹಾಗಾದರೆ ಬಸ್ಸಿನ ವೇಗ ಸುಮಾರು 15 ಎಂಬಿಪಿಎಸ್! ಅದೂ ಘಾಟಿ ರಸ್ತೆಗಳಿರುವ ನಾಡಿನಲ್ಲಿ.

ಇದನ್ನು ಕೂಸಿಗೆ ಹೇಳಿದಾಗ ಬಹಳ ಖುಷಿಪಟ್ಟಳು. ಬಸ್ಸು ಬಿಡು, ಪಾರಿವಾಳವೇ ಗೆದ್ದದ್ದುಂಟು ಎಂದೆ. ದಕ್ಷಿಣ ಆಫ್ರಿಕಾದಲ್ಲಿ 2009ರ ಸೆಪ್ಟೆಂಬರ್‌ನಲ್ಲಿ ನಡೆದದ್ದು. ಅಲ್ಲೂ ಆಗ ನೆಟ್ ದುಬಾರಿ, ನಿಧಾನ. ಡರ್ಬನ್ ಬಳಿಯ ಒಂದು ಕಂಪನಿಯವರು ರೋಸಿಹೋಗಿ ಪಂದ್ಯ ಇಟ್ಟರು. ವಿನ್‌ಸ್ಟನ್ ಎಂಬ ಹನ್ನೊಂದು ತಿಂಗಳ ಪಾರಿವಾಳದ ಕಾಲಿಗೆ ನಾಲ್ಕು ಜಿಬಿಯ ಮೆಮೊರಿ ಕಾರ್ಡು ಕಟ್ಟಿ, ಸುಮಾರು 80 ಕಿಲೋಮೀಟರ್ ಆಚೆಯ ತಮ್ಮದೇ ಕಚೇರಿಗೆ ಹಾರಿಸಿದರು. ಅದೇ ಹೊತ್ತಿಗೆ ಅಷ್ಟೇ ಮಾಹಿತಿಯನ್ನು ನೆಟ್ಟಿನಲ್ಲೂ ಕಳಿಸತೊಡಗಿದರು. ಪಾರಿವಾಳ ಒಂದು ಗಂಟೆ ಎಂಟು ನಿಮಿಷದಲ್ಲಿ ಮುಟ್ಟಿತು. ಕಾರ್ಡಿನಿಂದ ಕಂಪ್ಯೂಟರಿಗೆ ತುಂಬಿಸಿ ಮುಗಿಸುವಾಗ ಒಟ್ಟು ಎರಡು ಗಂಟೆ ಏಳು ನಿಮಿಷ. ಅಷ್ಟರಲ್ಲಿ ನೆಟ್ಟಿನಲ್ಲಿ ತಲುಪಿದ್ದು ನೂರಕ್ಕೆ ನಾಲ್ಕು ಪಾಲು!

“ನಾವೂ ಪಾರಿವಾಳ ಸಾಕೋಣ ಅಜ್ಜಾ” ಅಂತು ಕೂಸು. ಚೆಸ್ಸಿಗೆ ಅದು ಆಗಿಬರುವುದಿಲ್ಲ, ಒಂದೊಂದು ನಡೆಗೂ ಒಂದೊಂದು ಪಾರಿವಾಳ ಬೇಕಾಗುತ್ತದೆ.

ನಗುವ ವಿಷಯ ಹೌದು. ಆದರೆ ಆ ಎಡಿಟಿಂಗ್ ಹುಡುಗ ಹಾರ್ಡ್ ಡಿಸ್ಕ್ ಕಳಿಸಿ ತರಿಸಿಕೊಳ್ಳುವ ಎರಡು ದಿನದಲ್ಲಿ ಬೆಂಗಳೂರಿನವನು ಇನ್ನೊಂದು ಕೆಲಸ ಹಿಡಿದಿರುತ್ತಾನೆ. ಸ್ಟುಡಿಯೋದವರು ಎಷ್ಟು ದಿನ ಕಾಯುತ್ತಾರೆ? “ಅಲ್ಲೇ ರೂಮು ಮಾಡ್ತೀನಿ ಮಾವ” ಎಂದು ಹೋದ ತಿಂಗಳು ಹೇಳಿದ. ಅವನ ಅಪ್ಪ ಅಮ್ಮ ಇಬ್ಬರೇ ತೋಟ ನೋಡಿಕೊಳ್ಳುವವರು. ಅನಿಮೇಷನ್, ಗೇಮಿಂಗ್‌ಗೆಂದೇ 2012ರಲ್ಲಿ ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು, ಇಂಥದ್ದಕ್ಕೆ ನಾವೇ ಮೊದಲು ಎಂಬ ಹೆಮ್ಮೆಯೂ ಇದೆ. ಆ ನೀತಿಯ ಫಲ ಬಹುಪಾಲು ಬೆಂಗಳೂರಿನ ಒಂದೆರಡು ಬಡಾವಣೆಗಳಲ್ಲೇ ಉಳಿದದ್ದಕ್ಕೆ ಕಾರಣ ಹುಡುಕುವವರು ಈ ಟವೆಲ್ಲು ಸುತ್ತಿದ ಡಿಸ್ಕನ್ನು ಒಮ್ಮೆ ನೋಡಬೇಕು.

ಬೇರೆಯವರು ಏನು ಮಾಡಿದರು? ಒಂದು ದೇಶದ ಕಥೆ ನನಗೆ ಬಹಳ ಹಿಡಿಸಿದ್ದು, ದಕ್ಷಿಣ ಕೊರಿಯಾದ್ದು. 1997ರಲ್ಲಿ ಅವರ ಹಣಕಾಸು ಕುಸಿದು, ಐಎಂಎಫ್ ಮುಂದೆ ಕೈ ಚಾಚಬೇಕಾಯಿತು. ಬ್ಯಾಂಕಿನಲ್ಲಿದ್ದ ನಮಗೆಲ್ಲ ಆ ಸುದ್ದಿ ಚೆನ್ನಾಗಿ ನೆನಪಿದೆ. ದೊಡ್ಡ ಕಂಪನಿಗಳಿಂದ ಕೆಲಸ ಕಳೆದುಕೊಂಡವರು ಬೀದಿಗೆ ಬಂದರು. ಅವರಲ್ಲಿ ಹಲವರು ಕೈಗೆ ಬಂದ ಪರಿಹಾರದ ಹಣದಲ್ಲಿ ‘ಪಿಸಿ ಬಾಂಗ್’ ತೆರೆದರು. ಬಾಂಗ್ ಎಂದರೆ ಕೋಣೆ. ಸಾಲು ಕಂಪ್ಯೂಟರ್ ಇಟ್ಟು ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಕೊಡುವುದು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಅಮೆರಿಕದ ಆಟ ಬಂತು, ಹುಡುಗರು ಮುಗಿಬಿದ್ದರು. ಅದೇ ವರ್ಷ ಕೇಬಲ್ ಮೂಲಕ, ಮರುವರ್ಷ ಟೆಲಿಫೋನ್ ತಂತಿಯ ಮೂಲಕ ಬ್ರಾಡ್‌ಬ್ಯಾಂಡ್ ಶುರುವಾಯಿತು. ಕಂಪನಿ ಕಂಪನಿಗೂ ಪೈಪೋಟಿ. ಮುಖ್ಯ ಮಾತು ಇದು: ತಿಂಗಳಿಗೆ ಇಂತಿಷ್ಟು ಕೊಡಿ, ಎಷ್ಟಾದರೂ ಬಳಸಿ. ಮೀಟರ್ ಇಲ್ಲ.

ಮೀಟರ್ ತೆಗೆದದ್ದರಿಂದ ಏನಾಯಿತೆಂದರೆ ಹುಡುಗರು ಆಡಿದ್ದಷ್ಟೇ ಅಲ್ಲ, ಮಾಡಲೂ ತೊಡಗಿದರು. ನೆಕ್ಸನ್ ಎಂಬ ಪುಟ್ಟ ಕಂಪನಿ 1996ರಲ್ಲೇ ಸಾವಿರಾರು ಜನ ಒಟ್ಟಿಗೆ ಆಡುವ ಆಟ ಹೊರಡಿಸಿತ್ತು. ಆಡುವವರು ತುಂಬಿ ಬಂದದ್ದು ಬ್ರಾಡ್‌ಬ್ಯಾಂಡ್ ಬಂದ ಮೇಲೆ. 2011ರಲ್ಲಿ ಅದು ಟೋಕಿಯೋ ಷೇರುಪೇಟೆಗೆ ಹೋಯಿತು. ನಮ್ಮ ಮಕ್ಕಳು ಪಬ್‌ಜಿ ಎಂದು ಹುಚ್ಚು ಹಿಡಿಸಿಕೊಂಡರಲ್ಲ, 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿ, ಮರುವರ್ಷ ಬೇರೆ ಹೆಸರಿನಲ್ಲಿ ತಿರುಗಿ ಬಂತಲ್ಲ, ಅದರ ಒಡೆಯರೂ ಕೊರಿಯಾದವರೇ. ನಮ್ಮ ಹುಡುಗರು ಆಟದೊಳಗಿನ ಅಂಗಿ ಟೋಪಿಗೆ ಕೊಡುವ ಐವತ್ತು ನೂರು ರೂಪಾಯಿ ಸಮುದ್ರ ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇನ್ನು ಬೇರೆ ವೋಚರು ಬೇಡ.

ಹಾಗೆಂದು ಅವರಂತೆ ನಾವೇಕೆ ಮಾಡಲಿಲ್ಲ ಎಂದು ಸುಮ್ಮನೆ ದೂರುವುದು ನ್ಯಾಯವಲ್ಲ. ಅಲ್ಲಿ ಜನ ಅಪಾರ್ಟ್‌ಮೆಂಟುಗಳಲ್ಲಿ ಒತ್ತೊತ್ತಾಗಿ ಇರುವವರು. ಒಂದು ಕಟ್ಟಡಕ್ಕೆ ತಂತಿ ಎಳೆದರೆ ನೂರಾರು ಮನೆ ಮುಗಿಯಿತು. ನಮ್ಮಲ್ಲಿ ಒಂದು ಗುಡ್ಡಕ್ಕೆ ಒಂದು ಮನೆ, ನಡುವೆ ಹಳ್ಳ, ಹಳ್ಳದ ಮೇಲೆ ಬೀಳಲು ಕಾದಿರುವ ಮರ. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು, ಈಗ ಅದಕ್ಕೆ ಭಾರತ್‌ನೆಟ್ ಎಂದು ಹೆಸರು. ಕೆಲಸ ಇನ್ನೂ ನಡೆಯುತ್ತಲೇ ಇದೆ. ಪಂಚಾಯಿತಿ ಕಟ್ಟಡದವರೆಗೆ ಬಂದ ಎಳೆ ಅಲ್ಲಿಂದ ಮನೆಯ ಜಗುಲಿಗೆ ಬರುವುದು ಬೇರೆಯೇ ಒಂದು ಪ್ರಯಾಣ.

ಖರ್ಚಿನ ಲೆಕ್ಕವನ್ನೂ ಒಮ್ಮೆ ಮಾಡಿದೆ. ಕೂಸಿನ ಮನೆಯಲ್ಲಿ ಮೂರು ಫೋನು. ಒಂದೊಂದಕ್ಕೆ ಮುನ್ನೂರು ರೂಪಾಯಿ ಆಸುಪಾಸಿನ ರೀಚಾರ್ಜು. 2024ರ ಜುಲೈಯಲ್ಲಿ ಎಲ್ಲ ಖಾಸಗಿ ಕಂಪನಿಗಳೂ ದರ ಏರಿಸಿದ ಮೇಲಿನ ಮಾತು ಇದು. ಅವರ ತಿಂಗಳು 28 ದಿನದ್ದು, ಹಾಗಾಗಿ ವರ್ಷಕ್ಕೆ ಹದಿಮೂರು ತಿಂಗಳು! ಬ್ಯಾಂಕಿನಲ್ಲಿ ನಾವು ಬಡ್ಡಿಗೆ ಹೀಗೆ ಲೆಕ್ಕ ಹಾಕಿದ್ದರೆ ಗಿರಾಕಿಗಳು ಕೌಂಟರ್ ಹಾರಿ ಬರುತ್ತಿದ್ದರು. ಒಟ್ಟು 11,700 ರೂಪಾಯಿ. ಪೇಟೆಯಲ್ಲಿ ಫೈಬರ್ ಸಂಪರ್ಕ ತಿಂಗಳಿಗೆ 499, ತೆರಿಗೆ ಸೇರಿ 589, ವರ್ಷಕ್ಕೆ 7,068. ಮಾತಾಡಲು ಫೋನಿಗೆ ಸಣ್ಣ ರೀಚಾರ್ಜು ಮಾಡಿಸಲೇಬೇಕು, ಅದನ್ನು ಸೇರಿಸಿದರೆ ಎರಡೂ ಹತ್ತಿರ ಹತ್ತಿರ ಟ್ಯಾಲಿ ಆಗುತ್ತದೆ. ಅಂದರೆ ನಮ್ಮ ಬೀದಿಯವರು ಆಗಲೇ ಫೈಬರಿನ ದುಡ್ಡು ಕೊಡುತ್ತಿದ್ದಾರೆ, ಸಿಗುತ್ತಿರುವುದು ಮಾತ್ರ ದಿನಕ್ಕೆ ಒಂದೂವರೆ ಜಿಬಿಯ ಪಡಿ.

ನಮ್ಮೂರಿನ ಕೇಬಲ್ ಟಿವಿಯವನನ್ನು ಕರೆಸಿ ಕೇಳಿದೆ. ಮುಖ್ಯರಸ್ತೆಯವರೆಗೆ ಅವನ ಫೈಬರ್ ಇದೆ. ನಮ್ಮ ಬೀದಿಗೆ ಒಂದೂವರೆ ಕಿಲೋಮೀಟರ್. “ಹನ್ನೆರಡು ಮನೆ ಆದ್ರೆ ಎಳೀತೀನಿ ಸಾರ್. ಕಡಿಮೆ ಆದ್ರೆ ನಂಗೆ ಗಿಟ್ಟಲ್ಲ” ಎಂದ. ಅವನ ಲೆಕ್ಕದಲ್ಲೂ ತಪ್ಪು ಸಿಗಲಿಲ್ಲ.

ಹೀಗೆ ಈ ವಯಸ್ಸಿನಲ್ಲಿ ಪಟ್ಟಿ ಹಿಡಿದು ಮನೆ ಮನೆ ಸುತ್ತುತ್ತಿದ್ದೇನೆ. ಹಿಂದೆ ಸಣ್ಣ ಉಳಿತಾಯಕ್ಕೆಂದು ಹೀಗೆ ಸುತ್ತಿದ್ದುಂಟು. ಎಡಿಟಿಂಗ್ ಹುಡುಗ ಮೊದಲ ಸಹಿ. ಕೂಸಿನ ಅಪ್ಪ ಎರಡನೆಯವನು. ಹಪ್ಪಳ, ಉಪ್ಪಿನಕಾಯಿ ಮಾಡಿ ವಾಟ್ಸ್ಯಾಪಿನಲ್ಲಿ ಆರ್ಡರ್ ಹಿಡಿಯುವ ಇಬ್ಬರು ಹೆಣ್ಣುಮಕ್ಕಳು ನಾನು ಬಾಯಿ ತೆರೆಯುವ ಮೊದಲೇ ಪೆನ್ನು ಕಸಿದುಕೊಂಡರು. ಹೋಮ್‌ಸ್ಟೇ ಮಾಡಬೇಕೆಂದಿರುವವರು ಒಬ್ಬರು, ಗಿರಾಕಿಗಳು ವೈಫೈ ಇದೆಯಾ ಎಂದು ಕೇಳಿಯೇ ಫೋನಿಡುತ್ತಾರಂತೆ.

ಒಪ್ಪದಿದ್ದವರಲ್ಲಿ ನಿವೃತ್ತ ಹೆಡ್‌ಮಾಸ್ತರರು ಮುಖ್ಯರು. “ಇರೋ ನೆಟ್ಟಿಗೇ ಮಕ್ಕಳು ಹಾಳಾಗಿದಾರೆ, ಇನ್ನು ಮೀಟರೂ ಇಲ್ಲ ಅಂದ್ರೆ ಪುಸ್ತಕ ಮುಟ್ತಾರೇನ್ರೀ?” ಎಂದರು. ಅವರ ಭಯ ಸುಳ್ಳಲ್ಲ. ಆನ್‌ಲೈನ್ ರಮ್ಮಿ ಎಂದು ಮನೆ ಕಳೆದುಕೊಂಡವರ ಸುದ್ದಿ ನಾವು ಓದಿದ್ದೇವೆ; ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದ್ದು ಒಳ್ಳೆಯದೇ ಆಯಿತು. ಅದೇ ಕಾನೂನು ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿ, ಬೆಳೆಸಬೇಕು ಎಂದೂ ಹೇಳುತ್ತದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅದನ್ನು ಪ್ರದರ್ಶನ ಸ್ಪರ್ಧೆಯಾಗಿ ಇಟ್ಟಾಗ ನಮ್ಮ ತೀರ್ಥ್ ಮೆಹ್ತಾ ಕಂಚು ಗೆದ್ದಿದ್ದ. ಇದೆಲ್ಲ ಮಾಸ್ತರರಿಗೆ ಹೇಳಿದೆ. ಅವರು ಪಟ್ಟು ಬಿಡಲಿಲ್ಲ. ಹೆಚ್ಚು ವಾದಿಸಲು ನನಗೂ ನಾಲಿಗೆ ಏಳಲಿಲ್ಲ. ಅವರು ಆಡಿದ್ದು 2006ರಲ್ಲಿ ನಾನೇ ಆಡಿದ ಮಾತು.

ರಾತ್ರಿ ಮಗನಿಗೆ ಫೋನು ಮಾಡಿದೆ. ಅವನು ಬೆಂಗಳೂರಿನಲ್ಲಿ ವಿಮಾ ಕಂಪನಿಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. ಪಟ್ಟಿಯ ವಿಷಯ ಹೇಳುತ್ತ ಮಾತಿಗೆ ಮಾತು ಬಂದು ಆ ಬಿಲ್ಲು ಸಿಕ್ಕಿತು ಎಂದೆ.

“ಅಯ್ಯೋ, ಅದನ್ನ ಇನ್ನೂ ಇಟ್ಟಿದೀಯಾ ಅಪ್ಪ?” ಎಂದು ನಕ್ಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅದು ಆಟ ಆಗಿರಲಿಲ್ಲ. ಆಟ ತಯಾರು ಮಾಡೋ ತಂತ್ರಾಂಶ. ನಾನೂ ಹುಬ್ಬಳ್ಳಿಯ ಒಬ್ಬ ಹುಡುಗನೂ ಸೇರಿ ನಮ್ಮೂರಿನ ಕೋಟೆ, ಕೆರೆ ಇಟ್ಟು ಒಂದು ಆಟ ಮಾಡ್ಬೇಕು ಅಂತಿದ್ವಿ. ಅವನನ್ನ ನಾನು ನೋಡೇ ಇಲ್ಲ, ನೆಟ್ಟಲ್ಲೇ ಪರಿಚಯ.”

“ಆವಾಗ ಯಾಕೆ ಹೇಳ್ಲಿಲ್ಲ ನೀನು?”

“ಹೇಳಿದ್ರೆ ಬಿಲ್ ಕಡಿಮೆ ಆಗ್ತಿತ್ತಾ?”

ಅದಕ್ಕೆ ಏನು ಹೇಳುವುದು? ಆಮೇಲೆ ಅವನೇ ಕೇಳಿದ, ಈ ಫೈಬರಿನಲ್ಲಿ ಕಳಿಸುವ ವೇಗ ಎಷ್ಟು, ಮಳೆಗಾಲದಲ್ಲಿ ಎಳೆ ಕಡಿದರೆ ಎಷ್ಟು ದಿನಕ್ಕೆ ಸರಿ ಮಾಡುತ್ತಾರೆ, ಅದನ್ನು ಬರವಣಿಗೆಯಲ್ಲಿ ತೆಗೆದುಕೋ ಎಂದ. ಇದು ನನಗೆ ಹೊಳೆದಿರಲಿಲ್ಲ. ಪಟ್ಟಿಯ ಹಿಂದೆ ಬರೆದುಕೊಂಡಿದ್ದೇನೆ.

ಇವತ್ತಿಗೆ ಒಂಬತ್ತು ಸಹಿ ಆಗಿದೆ. ನಾಳೆ ಬೆಳಿಗ್ಗೆ ಹೆಡ್‌ಮಾಸ್ತರರ ಮನೆಗೆ ಮತ್ತೊಮ್ಮೆ ಹೋಗಬೇಕು. ಕೂಸನ್ನೂ ಕರೆದುಕೊಂಡು ಹೋಗುತ್ತೇನೆ, ಚೆಸ್ ಬೋರ್ಡಿನ ಸಮೇತ. ಮಾಸ್ತರರು ಕಾಲೇಜು ದಿನಗಳಲ್ಲಿ ಚೆನ್ನಾಗಿ ಆಡುತ್ತಿದ್ದರು ಎಂದು ಕೇಳಿದ್ದೇನೆ.